‘ತುಳಸಿದಳ’ವೂ ಅದರ ವಾಚಕರೂ

ಕಕ್ಕಡದ ಮಳೆ ಹಿಡಿದ ಮೇಲೆ ಪೊನ್ನಂಪೇಟೆಯ ಸುತ್ತಣ ತೋಟದ ಮನೆಗಳಲ್ಲಿ ಸಂಜೆಯ ಹೊತ್ತು ಕಳೆಯುವುದಕ್ಕೆ ಕಾದಂಬರಿಗಿಂತ ಒಳ್ಳೆಯ ಸಂಗಾತಿ ಬೇರೊಂದಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗದ್ದೆಯ ಬಯಲು, ಕಾಫಿಯ ತೋಟ, ದೇವರಕಾಡು. ಬಿರುಗಾಳಿ ಎದ್ದಿತೆಂದರೆ ವಿದ್ಯುದ್ದೀಪವು ಆರಿ, ಅಟ್ಟದ ಮೇಲಿನ ಲಾಟೀನು ಕೆಳಗಿಳಿಯುವುದು. ಇಂತಹ ಕಡೆಯಲ್ಲಿ ‘ತುಳಸಿದಳ’ವನ್ನು ಓದಿದವರು ಅದರ ವಿಷಯದಲ್ಲಿ ಆಡುವ ಮಾತಿಗೂ, ಪಟ್ಟಣದಲ್ಲಿ ಬೀದಿದೀಪದ ಬೆಳಕು ಒಳಕ್ಕೆ ಬೀಳುವ ಮನೆಯಲ್ಲಿ ಓದಿದವರು ಆಡುವ ಮಾತಿಗೂ ಅಂತರವುಂಟು. ಓದಿದ ಮೇಲೆ ಏನನ್ನೂ ಹೇಳದೆ ಸುಮ್ಮನಿರುವವರು ಮಾತ್ರ ಎಲ್ಲಿಯೂ ವಿರಳ. ಗ್ರಂಥಕ್ಕಿಂತಲೂ ಅದನ್ನು ಕುರಿತ ಈ ಅಭಿಪ್ರಾಯಗಳೇ ಹೆಚ್ಚು ವಿಚಾರಾರ್ಹವಾದವುಗಳೆಂದರೆ ತಪ್ಪಾಗಲಾರದು.

ಯಂಡಮೂರಿ ವೀರೇಂದ್ರನಾಥರು ತೆಲುಗಿನಲ್ಲಿ ಬರೆದ ಈ ಕಾದಂಬರಿಯು 1980ರ ಆಸುಪಾಸಿನಲ್ಲಿ ‘ಆಂಧ್ರಭೂಮಿ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಅನಂತರ ಕನ್ನಡಕ್ಕೆ ಅನುವಾದವಾಗಿ, 1985ರಲ್ಲಿ ಕನ್ನಡದ ಚಲನಚಿತ್ರವೂ ಆಯಿತು. ಕಥೆಯ ಬೀಜವು ಸಣ್ಣದು. ಶ್ರೀಧರ ಶಾರದೆಯರೆಂಬ ಸುಶಿಕ್ಷಿತ ದಂಪತಿಗಳಿಗೆ ತುಳಸಿ ಎಂಬ ಒಬ್ಬಳೇ ಮಗಳು. ಆ ಮಗುವಿಗೆ ಸೇರಬೇಕಾದ ಹಣದ ಮೇಲೆ ಕಣ್ಣಿಟ್ಟ ದುರಾತ್ಮರು ದೂರದ ಊರಿನ ಮಾಂತ್ರಿಕನೊಬ್ಬನಿಂದ ‘ಕಾಷ್ಮೋರಾ’ ಎಂಬ ಕ್ಷುದ್ರಶಕ್ತಿಯನ್ನು ಅವಳ ಮೇಲೆ ಪ್ರಯೋಗ ಮಾಡಿಸುವರು. ದಿನಗಳು ಎಣಿಕೆಯಾಗಿವೆ. ಮಗುವು ಕಣ್ಣೆದುರಿನಲ್ಲಿಯೇ ಕ್ಷೀಣಿಸುತ್ತಿರುವುದು. ಒಂದು ಕಡೆ ವೈದ್ಯರೂ ಮನಶ್ಶಾಸ್ತ್ರವನ್ನು ಬಲ್ಲವರೂ, ಇನ್ನೊಂದು ಕಡೆ ಮಾಂತ್ರಿಕನನ್ನು ಹುಡುಕಿಕೊಂಡು ಹೊರಟವರೂ ಕಾಲದೊಡನೆ ಓಟಕ್ಕೆ ನಿಲ್ಲುವರು. ಇಷ್ಟೇ ಕಥೆ.

ಇದನ್ನು ಹೊಗಳುವವರ ಮಾತು ಬಹುಮಟ್ಟಿಗೆ ಒಂದೇ: ಒಂದೇ ಬೈಠಕ್ಕಿನಲ್ಲಿ ಓದಿ ಮುಗಿಸಿದೆವು, ಊಟಕ್ಕೆ ಕರೆದುದೂ ಕೇಳಿಸಲಿಲ್ಲ, ರಾತ್ರಿ ಹಿತ್ತಿಲ ಬಾಗಿಲನ್ನು ಎರಡು ಸಲ ನೋಡಿ ಬಂದೆವು, ಎಂದು. ಇದು ಸಣ್ಣ ಹೊಗಳಿಕೆಯಲ್ಲ. ನೂರು ಕಾದಂಬರಿಗಳಲ್ಲಿ ತೊಂಬತ್ತು ಓದುಗನ ನಿದ್ರೆಗೆ ಸಹಾಯವನ್ನೇ ಮಾಡತಕ್ಕವು. ಆದರೆ ಈ ಹೊಗಳಿಕೆಯಲ್ಲಿ ಗ್ರಂಥದ ಗುಣವನ್ನು ಕುರಿತ ಒಂದು ಮಾತೂ ಇಲ್ಲವೆಂಬುದನ್ನು ಗಮನಿಸಬೇಕು; ಎಲ್ಲವೂ ಓದಿದವನ ಹೃದಯದ ಬಡಿತವನ್ನು ಕುರಿತದ್ದು. ತಾಯಂದಿರು ಈ ಪುಸ್ತಕವನ್ನು ತಾವು ಓದಿ, ಮಕ್ಕಳ ಕೈಗೆ ಸಿಕ್ಕದಂತೆ ಸೀರೆಯ ಮಡಿಕೆಯ ಕೆಳಗೆ ಇಟ್ಟರು. ಮಕ್ಕಳು ಅದನ್ನು ಅಲ್ಲಿಂದಲೇ ತೆಗೆದು ಓದಿದರು. ಮಾರಣ, ಉಚ್ಚಾಟನ ಮೊದಲಾದ ಷಟ್ಕರ್ಮಗಳ ಹೆಸರನ್ನಾದರೂ ಬಲ್ಲ ಪಂಡಿತರು ‘ಕಾಷ್ಮೋರಾ’ ಎಂಬ ಶಬ್ದಕ್ಕೆ ವ್ಯುತ್ಪತ್ತಿಯನ್ನು ಕಾಣದೆ ನಕ್ಕು ಬದಿಗಿಟ್ಟರು. ಇವರ ಆಕ್ಷೇಪವು ಪಾಂಡಿತ್ಯದ್ದು. ಕಥೆಗೆ ಅದು ತಗಲುವುದಿಲ್ಲ. ಕಥೆಯ ಭೂತಕ್ಕೆ ಕಥೆಗಾರನೇ ನಾಮಕರಣ ಮಾಡಬಹುದು.

ನಿಜವಾದ ಆಕ್ಷೇಪವು ಬಂದುದು ವಿಚಾರವಾದಿಗಳಿಂದ. ಡಾಕ್ಟರ್ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವುದಕ್ಕಾಗಿ ಸಮಿತಿಯೊಂದನ್ನು ರಚಿಸಿದ್ದರು. ಆ ಚರ್ಚೆಯ ಬಿಸಿ ಇನ್ನೂ ಆರದಿದ್ದ ಕಾಲದಲ್ಲಿ ಈ ಕಥೆಯು ಕನ್ನಡದ ಮನೆಗಳನ್ನು ಹೊಕ್ಕಿತು. ತೆಲುಗಿನಲ್ಲಿಯಂತೂ ಲೇಖಕಿ ರಂಗನಾಯಕಮ್ಮನವರು ಇದು ತುಳಸಿಯ ದಳವಲ್ಲ, ಗಾಂಜಾದ ದಮ್ಮು ಎಂಬ ಅರ್ಥದ ಹೆಸರನ್ನೇ ಇಟ್ಟು ಒಂದು ಖಂಡನಗ್ರಂಥವನ್ನು ಬರೆದರು. ಓದುಬರಹ ಬಲ್ಲವರಿಗೆ ಮೌಢ್ಯವನ್ನು ಮಾರಿ ಹಣ ಮಾಡುವುದು ನ್ಯಾಯವೆ ಎಂಬುದು ಈ ಪಕ್ಷದ ಪ್ರಶ್ನೆ. ಮಗುವಿಗೆ ಜ್ವರ ಬಂದರೆ ವೈದ್ಯನ ಬಳಿಗೆ ಹೋಗುವ ಬದಲು ನಿಂಬೆಯ ಹಣ್ಣನ್ನು ಹಿಡಿದು ಇನ್ನೊಬ್ಬನ ಮನೆಯ ಬಾಗಿಲಿಗೆ ಹೋಗುವ ಸಂಸಾರಗಳು ಇರುವ ನಾಡಿನಲ್ಲಿ ಇದು ವಾಗ್ವಾದದ ಮಾತಲ್ಲ, ಪ್ರಾಣದ ಮಾತು. ವಾಮಾಚಾರ ಮೊದಲಾದ ಅಮಾನವೀಯ ಆಚರಣೆಗಳನ್ನು ತಡೆಯುವುದಕ್ಕಾಗಿ ಕರ್ನಾಟಕವು 2017ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಅದು ಜಾರಿಗೆ ಬಂದುದು 2020ರಲ್ಲಿ.

ಹಾಗಾದರೆ ಕಥೆಯಲ್ಲಿ ಮಾಂತ್ರಿಕನೇ ಕೂಡದೆ? ಹೀಗೆಂದರೆ ಸಾಹಿತ್ಯದ ಅರ್ಧವನ್ನು ಸುಡಬೇಕಾದೀತು. ಭವಭೂತಿಯ ‘ಮಾಲತೀಮಾಧವ’ದ ಐದನೆಯ ಅಂಕವನ್ನು ನೋಡಬಹುದು. ನಡುರಾತ್ರಿಯ ಸ್ಮಶಾನ, ಮಾಧವನು ಪಿಶಾಚಗಳಿಗೆ ನರಮಾಂಸವನ್ನು ಮಾರಲು ನಿಂತಿರುವನು, ಕರಾಲೆಯೆಂಬ ಚಾಮುಂಡೆಯ ಗುಡಿಯಲ್ಲಿ ಅಘೋರಘಂಟನೆಂಬ ಕಾಪಾಲಿಕನು ಮಾಲತಿಯನ್ನು ಬಲಿಗೆ ಸಿದ್ಧಪಡಿಸಿರುವನು. ‘ತುಳಸಿದಳ’ದ ಮಾಂತ್ರಿಕನು ಈ ಅಘೋರಘಂಟನ ಮುಂದೆ ಶಿಶುವೇ ಸರಿ. ಕನ್ನಡದಲ್ಲಿಯೂ 1209ರಲ್ಲಿ ಜನ್ನನು ಬರೆದ ‘ಯಶೋಧರ ಚರಿತೆ’ಯು ತೆರೆದುಕೊಳ್ಳುವುದು ಚಂಡಮಾರಿಯ ಗುಡಿಯಲ್ಲಿ, ಅಲ್ಲಿಗೆ ಬಲಿಗಾಗಿ ತಂದವರು ಅಭಯರುಚಿ ಅಭಯಮತಿಯರೆಂಬ ಇಬ್ಬರು ಎಳೆಯರು. ಈ ಭೀಕರತೆಯನ್ನು ಓದಿ ಯಾರೂ ಗುಡಿಗೆ ಬಲಿಯನ್ನು ಹೊತ್ತು ಹೋಗಲಿಲ್ಲ. ಅಷ್ಟು ದೂರವೇಕೆ? ‘ಚಂದಮಾಮ’ದಲ್ಲಿ 1954ರಿಂದ ದಾಸರಿ ಸುಬ್ರಹ್ಮಣ್ಯಂ ಅವರು ಬರೆದ ಧಾರಾವಾಹಿಗಳ ತುಂಬ ಮಾಂತ್ರಿಕರು, ಗೂಬೆಗಳು, ನಡೆದಾಡುವ ಕಂಕಾಲಗಳು. ಅವನ್ನು ಓದಿದ ಮಕ್ಕಳು ಹೆದರಿ, ಹೆದರಿದುದಕ್ಕೆ ಸಂತೋಷಪಟ್ಟು, ಮುಂದಿನ ತಿಂಗಳ ಸಂಚಿಕೆಗಾಗಿ ಬಾಗಿಲಲ್ಲಿ ಕಾದರು. ಅವರಲ್ಲಿ ಎಷ್ಟೋ ಜನ ಬೆಳೆದು ವಿಜ್ಞಾನದ ಉಪಾಧ್ಯಾಯರಾದರು.

ಆದುದರಿಂದ ದೋಷವು ಮಾಂತ್ರಿಕನಲ್ಲಿಲ್ಲ. ಅದು ಎಲ್ಲಿರುವುದೆಂಬುದನ್ನು ಅಭಿನವಗುಪ್ತನು ‘ಅಭಿನವಭಾರತಿ’ಯಲ್ಲಿ ತೋರಿಸಿರುವನು. ಭಯಾನಕರಸಕ್ಕೆ ಅವನು ಎತ್ತಿಕೊಂಡ ನಿದರ್ಶನವು ‘ಶಾಕುಂತಲ’ದ ಮೊದಲ ಅಂಕದ ಜಿಂಕೆ. ದುಷ್ಯಂತನ ರಥವು ಬೆನ್ನಟ್ಟಿದಾಗ ಅದು ಕತ್ತನ್ನು ತಿರುಗಿಸಿ ನೋಡುತ್ತ ಓಡುವುದು. ನೋಡುವ ಸಹೃದಯನಿಗೆ ಅಲ್ಲಿ ತಿಳಿಯುವುದು ‘ನಾನು ಹೆದರಿದೆನು’ ಎಂದಲ್ಲ, ‘ಆ ಜಿಂಕೆ ಹೆದರಿತು’ ಎಂದೂ ಅಲ್ಲ. ಯಾರದೂ ಅಲ್ಲದ, ದೇಶಕಾಲಗಳ ಕಟ್ಟು ಕಳಚಿದ ಭಯವೊಂದು. ಅದಕ್ಕಾಗಿಯೇ ಅದು ಆಸ್ವಾದ್ಯವಾಗುವುದು. ಭಯವು ತನ್ನದೆಂದು ತೋರಿದ ಕ್ಷಣದಲ್ಲಿ ರಸವು ಹೋಗಿ ಭಯವು ಮಾತ್ರ ಉಳಿಯುವುದು. ತನ್ನ ಸುಖದುಃಖಗಳಿಗೆ ವಶನಾದವನಿಗೆ ರಸಾಸ್ವಾದವಿಲ್ಲವೆಂದು ಆಚಾರ್ಯನು ಅದನ್ನು ರಸವಿಘ್ನಗಳಲ್ಲಿ ಎಣಿಸಿರುವನು. ‘ತುಳಸಿದಳ’ದ ಕರ್ತೃವಿಗೆ ಈ ವಿಘ್ನವೇ ಬಂಡವಾಳ. ಅವರು ಕಥೆಯನ್ನು ಇರಿಸಿರುವುದು ಸ್ಮಶಾನದಲ್ಲಲ್ಲ, ಓದುಗನ ಮನೆಯಂತಹ ಮನೆಯಲ್ಲಿ. ಆ ಮನೆಯಲ್ಲಿ ಶಾಲೆಗೆ ಹೋಗುವ ಮಗುವಿರುವುದು, ಹುಟ್ಟುಹಬ್ಬವಿರುವುದು. ಓದುವ ತಾಯಿಯು ತುಳಸಿಯನ್ನು ನೋಡುತ್ತಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿರುವ ತನ್ನ ಮಗಳನ್ನು ಎದ್ದು ಹೋಗಿ ನೋಡುತ್ತಿರುವಳು. ಹಿತ್ತಿಲ ಬಾಗಿಲನ್ನು ಎರಡು ಸಲ ಪರೀಕ್ಷಿಸಿದೆವೆಂದು ಹೊಗಳಿದವರೂ, ಮೌಢ್ಯವನ್ನು ಮಾರುತ್ತಿರುವರೆಂದು ತೆಗಳಿದವರೂ ಒಂದೇ ಸಂಗತಿಯನ್ನು ಹೇಳಿದವರು. ಒಬ್ಬರಿಗೆ ಅದು ಗುಣವಾಗಿ, ಇನ್ನೊಬ್ಬರಿಗೆ ದೋಷವಾಗಿ ತೋರಿತು.

ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ. ಇಲ್ಲಿ ತೆರೆಯನ್ನು ಕಟ್ಟುವ ರಾತ್ರಿ ಕುಲಿಯನೋ ಪಾಷಾಣಮೂರ್ತಿಯೋ ಸೂಟೆಯ ಬೆಳಕಿನಲ್ಲಿ ಎದುರಿಗೆ ಬಂದು ನಿಂತರೆ ಎಂಥವನಿಗೂ ಮೈ ನಡುಗುವುದು. ಆದರೆ ಆ ಭಯಕ್ಕೆ ಅಂಗಳವೆಂಬ ಎಲ್ಲೆಯುಂಟು, ಚಂಡೆಯ ಸದ್ದುಂಟು, ಅಕ್ಕಪಕ್ಕದಲ್ಲಿ ಒಕ್ಕದವರೆಲ್ಲರೂ ಉಂಟು. ಬೆಳಗಾದ ಮೇಲೆ ಬಣ್ಣವನ್ನು ತೊಳೆದುಕೊಂಡವನು ಕಾಪಿ ಕುಡಿಯುತ್ತ ಕುಳಿತಿರುವುದನ್ನು ಮಕ್ಕಳು ನೋಡುವರು. ಪುಸ್ತಕವನ್ನು ಓದುವವನಾದರೋ ಒಬ್ಬನೇ. ಅವನ ಭಯಕ್ಕೆ ಬಣ್ಣ ತೊಳೆಯುವವರಿಲ್ಲ.

ಧಾರಾವಾಹಿಯಾಗಿ ಓದಿದವರ ಅಭಿಪ್ರಾಯಕ್ಕೂ ಪುಸ್ತಕವಾಗಿ ಓದಿದವರ ಅಭಿಪ್ರಾಯಕ್ಕೂ ಇರುವ ಭೇದವು ಇಲ್ಲಿ ಗಮನಾರ್ಹ. ವಾರಕ್ಕೊಂದು ಕಂತನ್ನು ಓದುವವನಿಗೆ ಓದು ಅರ್ಧ ಗಂಟೆಯದು. ಉಳಿದ ಆರು ದಿನಗಳು ಊಹೆಯವು. ಲೇಖಕನು ಬರೆದುದಕ್ಕಿಂತ ಭಯಂಕರವಾದ ಕಾಷ್ಮೋರಾವನ್ನು ಆ ಆರು ದಿನಗಳಲ್ಲಿ ಓದುಗನೇ ಕಲ್ಪಿಸಿಕೊಂಡಿರುವನು. ಬಚ್ಚಲ ಮನೆಯ ಹಂಡೆಯ ಬಳಿ, ಬಸ್ಸಿನ ನಿಲ್ದಾಣದಲ್ಲಿ, ನೀರಿನ ಬಾವಿಯ ಕಟ್ಟೆಯಲ್ಲಿ ಕಥೆಯು ಬೆಳೆದಿರುವುದು. ಮುಂದಿನ ವಾರ ಲೇಖಕನು ಒಂದು ಸಾಮಾನ್ಯವಾದ ಉಪಾಯದಿಂದ ಗಂಟನ್ನು ಬಿಚ್ಚಿದರೂ ಓದುಗನು ಕ್ಷಮಿಸುವನು, ಏಕೆಂದರೆ ಅಷ್ಟರೊಳಗೆ ಹೊಸ ಗಂಟು ಬಿದ್ದಿರುವುದು. ಅದೇ ಕಥೆಯನ್ನು ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು ಒಂದು ರಾತ್ರಿಯಲ್ಲಿ ಮುಗಿಸುವವನಿಗೆ ಹೊಲಿಗೆಗಳೆಲ್ಲ ಕಾಣುವುವು. ಅಧ್ಯಾಯವು ಕೂಗಿನಿಂದಲೇ ಮುಗಿಯಬೇಕೆಂಬ ನಿಯಮಕ್ಕೆ ಸಿಕ್ಕಿ, ಮಧ್ಯದಲ್ಲಿ ಕೂಗಿಗೆ ಕಾರಣವನ್ನು ಹುಡುಕುತ್ತ ಹೋದ ಪುಟಗಳೂ ಕಾಣುವುವು. ಎರಡನೆಯ ಸಲ ಓದಿದವರು ಕಡಮೆ. ಓದಿದವರಲ್ಲಿ ಹೆದರಿದವರು ಇನ್ನೂ ಕಡಮೆ. ಅಘೋರಘಂಟನನ್ನು ಹತ್ತು ಸಲ ಓದಿದವನು ಹನ್ನೊಂದನೆಯ ಸಲವೂ ಓದುವನು.

ಹೀಗೆಂದ ಮಾತ್ರಕ್ಕೆ ಗ್ರಂಥದಲ್ಲಿ ಸತ್ತ್ವವೇ ಇಲ್ಲವೆಂದು ತೀರ್ಮಾನಿಸುವುದು ಅನ್ಯಾಯ. ಅದರ ನಿಜವಾದ ಕಥಾನಾಯಕನು ಶ್ರೀಧರ. ಮಂತ್ರತಂತ್ರಗಳನ್ನು ನಂಬದ ತಂದೆಯು ತನ್ನ ಮಗುವಿನ ಉಸಿರು ಸಣ್ಣಗಾಗುವುದನ್ನು ನೋಡುತ್ತ ಯಾವುದನ್ನು ನಂಬಬೇಕು? ನಂಬದೆ ಮಗುವನ್ನು ಕಳೆದುಕೊಳ್ಳುವುದೆ, ಅಥವಾ ನಂಬಿ ತನ್ನನ್ನು ತಾನೇ ಕಳೆದುಕೊಳ್ಳುವುದೆ? ಇದು ಪುರಾಣದ ಸಂಕಟವಲ್ಲ, ನಮ್ಮ ಕಾಲದ ಸಂಕಟ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತು, ಹಿಂದೆಂದೂ ಹೊರದ ಹರಕೆಯನ್ನು ಹೊತ್ತ ವಿದ್ಯಾವಂತನು ಯಾವ ಊರಿನಲ್ಲಿ ಇಲ್ಲ? ಈ ಒಂದು ಭಾವವನ್ನು ಹಿಡಿದು ಕೊನೆಯವರೆಗೂ ಹೋಗಿದ್ದರೆ ‘ತುಳಸಿದಳ’ವು ಕರುಣರಸದ ಒಂದು ದೊಡ್ಡ ಕೃತಿಯಾಗಬಹುದಾಗಿತ್ತು, ಭಯಾನಕವು ಅದಕ್ಕೆ ಅಂಗವಾಗಿ ಒದಗುತ್ತಿತ್ತು. ಆದರೆ ತಂದೆಯ ಸಂಕಟವು ಬೇರೂರುವುದರೊಳಗೆ ಮಾಂತ್ರಿಕನ ಬೆನ್ನು ಹತ್ತುವ ಸಾಹಸವು ಬಂದು ಕಥೆಯನ್ನು ಎಳೆದುಕೊಂಡು ಹೋಗುವುದು. ಸಾಹಸವನ್ನು ಮೆಚ್ಚುವ ತರುಣರಿಗೆ ಆ ಭಾಗವೇ ರುಚಿಸಿತು, ಅವರೊಡನೆ ಜಗಳವಿಲ್ಲ.

ಉಳಿದುದು ಮುಕ್ತಾಯ, ವಾಚಕರು ಹೆಚ್ಚು ಕಾದಾಡಿರುವುದೂ ಅದನ್ನು ಕುರಿತೇ. ಮಗುವು ಬದುಕುವುದು. ಯಾರಿಂದ? ವೈದ್ಯರ ಕಡೆಯ ಯತ್ನವೂ ಮಾಂತ್ರಿಕನ ಕಡೆಯ ಯತ್ನವೂ ಒಂದೇ ಗಳಿಗೆಯಲ್ಲಿ ಫಲಿಸುವಂತೆ ಲೇಖಕರು ಹವಣಿಸಿರುವರು. ವಿಜ್ಞಾನವನ್ನು ಓದಿದ ಮಗನು ವೈದ್ಯರು ಉಳಿಸಿದರೆಂದು ವಾದಿಸುವನು. ಅಜ್ಜಿಯು ನಕ್ಕು ಬತ್ತಿಯನ್ನು ಹೊಸೆಯುವಳು. ಇಬ್ಬರಿಗೂ ಪುಸ್ತಕದಲ್ಲಿ ಆಧಾರವುಂಟು. ಇದನ್ನು ಕೆಲವರು ಲೇಖಕರ ಔದಾರ್ಯವೆನ್ನುವರು, ಓದುಗನ ಬುದ್ಧಿಗೆ ಬಿಟ್ಟಿರುವರೆನ್ನುವರು. ಎರಡು ಪಕ್ಷದ ಓದುಗರೂ ಪುಸ್ತಕವನ್ನು ಕೊಳ್ಳುವರೆಂಬ ಲೆಕ್ಕವು ಅದರಲ್ಲಿಲ್ಲವೆನ್ನುವುದು ಕಷ್ಟ. ರಸವಿಘ್ನಗಳಲ್ಲಿ ಏಳನೆಯದು ಸಂಶಯಯೋಗ. ಆಚಾರ್ಯನು ಅದನ್ನು ಹೇಳಿದ ಸಂದರ್ಭವು ಬೇರೆಯಾದರೂ ಶಬ್ದವು ಇಲ್ಲಿಗೆ ಚೆನ್ನಾಗಿ ಹೊಂದುವುದು. ಮಾಧವನು ಕತ್ತಿಯನ್ನು ಹಿರಿದು ಮಾಲತಿಯನ್ನು ಬಿಡಿಸಿದಾಗ ಯಾರಿಂದ ಬದುಕಿದಳೆಂಬ ಪ್ರಶ್ನೆ ಏಳುವುದಿಲ್ಲ. ಜನ್ನನ ಎಳೆಯರಾದರೋ ಕತ್ತಿಯ ಕೆಳಗೆ ನಿಂತು ಹೆದರಲೇ ಇಲ್ಲ. ಕೊನೆಗೆ ಕತ್ತಿಯನ್ನು ಹಿಡಿದ ಮಾರಿದತ್ತನ ಮನಸ್ಸೇ ತಿರುಗಿತು.

ವೈದ್ಯರೇ ಗೆದ್ದರೆಂದು ವಾದಿಸಿದ ಓದುಗರಿಗೆ ಲೇಖಕರು ಬಹುಕಾಲ ನೆಮ್ಮದಿಯನ್ನು ಕೊಡಲಿಲ್ಲ. ‘ತುಳಸಿ’ ಎಂಬ ಉತ್ತರಕಥೆಯು ಬಂದಿತು. ಅದರಲ್ಲಿ ಕಾಷ್ಮೋರಾ ಮತ್ತೆ ಎದ್ದು ಕುಳಿತಿತು.