ಅರಿಶಿನವೂ ಕೀಲಿನ ಮೃದ್ವಸ್ಥಿಯೂ: ಒಂದು ವಿಮರ್ಶೆ

ಹಾನಗಲ್ಲಿನ ಭತ್ತದ ಗದ್ದೆ, ಸವಣೂರಿನ ಎಲೆತೋಟ, ಶಿಗ್ಗಾಂವಿ ಹಾಗೂ ಹಿರೇಕೆರೂರಿನ ಗೋವಿನಜೋಳದ ಹೊಲಗಳಲ್ಲಿ ಬಾಗಿ ದುಡಿದವರಿಗೆ ಇಳಿವಯಸ್ಸಿನಲ್ಲಿ ಮೊಣಕಾಲು ನೋವು ಅಪರೂಪವಲ್ಲ. ಅರಿಶಿನ ಬೆರೆಸಿದ ಹಾಲು, ಅರಿಶಿನದ ಲೇಪ ಇವು ನಮ್ಮ ಮನೆಗಳ ಹಳೆಯ ಉಪಚಾರಗಳು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ದ್ರವ್ಯವು ಮೃದ್ವಸ್ಥಿಯ ಸವೆತವನ್ನೇ ನಿಧಾನಗೊಳಿಸುವುದೆಂಬ ಮಾತು ಈಚೆಗೆ ಪ್ರಚಾರಕ್ಕೆ ಬಂದಿದೆ. ಈ ಮಾತಿನಲ್ಲಿ ಎರಡು ಭಿನ್ನ ಪ್ರತಿಪಾದನೆಗಳು ಬೆರೆತಿವೆ: ನೋವಿನ ಶಮನ ಒಂದು, ಸವೆತದ ತಡೆ ಇನ್ನೊಂದು. ಇವನ್ನು ಬೇರ್ಪಡಿಸದೆ ಸತ್ಯನಿರ್ಣಯ ಸಾಧ್ಯವಿಲ್ಲ.

ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಆದುದರಿಂದ ಸವೆದ ಭಾಗವು ಸುಲಭವಾಗಿ ತುಂಬಿಕೊಳ್ಳದು. ಉರಿಯೂತದಿಂದ ಪ್ರಚೋದಿತವಾದ ಅಲ್ಲಿನ ಜೀವಕೋಶಗಳು ಕೊಲಾಜನ್ ತಂತುಗಳನ್ನು ಕತ್ತರಿಸುವ ಕಿಣ್ವಗಳನ್ನು ಸ್ರವಿಸುತ್ತವೆ. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಇಂತಹ ಕೋಶಗಳಿಗೆ ಕರ್ಕ್ಯುಮಿನ್ ಸೇರಿಸಿದಾಗ ಆ ಕಿಣ್ವಗಳ ಉತ್ಪತ್ತಿ ಕುಗ್ಗುವುದು ಕಂಡುಬಂದಿದೆ. ಆದರೆ ಪಾತ್ರೆಯ ಕೋಶಕ್ಕೆ ದೊರೆತ ಪ್ರಮಾಣವು ಮೊಣಕಾಲಿಗೂ ದೊರೆಯುವುದೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ೧೯೯೮ರಲ್ಲಿ ಪ್ರಕಟವಾದ ಪ್ರಯೋಗವು ಬೆಳಕು ಚೆಲ್ಲುತ್ತದೆ. ೨ ಗ್ರಾಂ ಕರ್ಕ್ಯುಮಿನ್ ಸೇವಿಸಿದವರ ರಕ್ತದಲ್ಲಿ ಅದು ತೀರ ಅತ್ಯಲ್ಪವಾಗಿತ್ತು. ಕರಿಮೆಣಸಿನ ಪೈಪರಿನ್ ೨೦ ಮಿಲಿಗ್ರಾಂ ಕೂಡಿಸಿದಾಗ ಅದರ ಲಭ್ಯತೆ ಶೇಕಡ ೨೦೦೦ರಷ್ಟು ಹೆಚ್ಚಿತು. ಅರಿಶಿನಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ನೂರಕ್ಕೆ ಮೂರು ಪಾಲು ಎಂದಿಟ್ಟುಕೊಂಡರೆ, ೨ ಗ್ರಾಂ ದೊರೆಯಲು ೬೦ ಗ್ರಾಂಗೂ ಮಿಕ್ಕಿ ಪುಡಿ ಬೇಕು. ಅಡುಗೆಮನೆಯ ಚಮಚೆಗೂ ಪ್ರಯೋಗದ ಅಳತೆಗೂ ಇರುವ ಅಂತರ ಇದರಿಂದ ಸ್ಪಷ್ಟವಾಗುತ್ತದೆ.

ಆಸ್ಟ್ರೇಲಿಯದ ಟ್ಯಾಸ್ಮೇನಿಯದಲ್ಲಿ ೭೦ ಮಂದಿ ಮೊಣಕಾಲು ರೋಗಿಗಳ ಮೇಲೆ ೧೨ ವಾರ ನಡೆದ ಪರೀಕ್ಷೆಯ ಫಲಿತಾಂಶ ೨೦೨೦ರಲ್ಲಿ ಪ್ರಕಟವಾಯಿತು. ಅರಿಶಿನದ ಸಾರ ಸೇವಿಸಿದವರಿಗೆ, ಔಷಧವಿಲ್ಲದ ಹುಸಿಗುಳಿಗೆ ನುಂಗಿದವರಿಗಿಂತ ನೋವು ಹೆಚ್ಚು ತಗ್ಗಿತು, ಆದರೆ ಎಂ.ಆರ್.ಐ. ಚಿತ್ರಗಳಲ್ಲಿ ಕೀಲಿನ ಬಾವಿನಲ್ಲಾಗಲಿ ಮೃದ್ವಸ್ಥಿಯ ರಚನೆಯಲ್ಲಾಗಲಿ ವ್ಯತ್ಯಾಸ ತೋರಲಿಲ್ಲ. ವರ್ಷಗಟ್ಟಲೆ ನಡೆಯುವ ಸವೆತವನ್ನು ಅಳೆಯಲು ೧೨ ವಾರ ಸಾಲದೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಆ ಆಕ್ಷೇಪವು ತಡೆಯ ವಾದವನ್ನು ಸಿದ್ಧಪಡಿಸುವುದಿಲ್ಲ. ಅದರ ನಿರ್ಣಯವನ್ನು ಮುಂದಕ್ಕೆ ಹಾಕುತ್ತದೆ, ಅಷ್ಟೆ.

ಅರಿಶಿನವನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ನೋವು ತಗ್ಗಿದುದನ್ನೇ ಕೀಲು ಉಳಿದುದೆಂದು ಬಗೆದು ದುಡಿಯುವವನು ಹಿಂದಿನಂತೆಯೇ ಭಾರ ಹೊತ್ತರೆ, ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ವೈದ್ಯರ ಸಲಹೆಯನ್ನೂ ಕೈಬಿಟ್ಟರೆ, ನಷ್ಟ ಅವನದೇ. ಪೈಪರಿನ್ ಕೂಡಿದ ಅಧಿಕ ಪ್ರಮಾಣದ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಸಂಗಗಳೂ ವರದಿಯಾಗಿವೆ. ನೋವಿನ ಶಮನಕ್ಕೆ ಆಧಾರವಿದೆ. ಸವೆತದ ತಡೆ ಮನುಷ್ಯರಲ್ಲಿ ಇನ್ನೂ ಸಿದ್ಧವಾಗಿಲ್ಲ. ವಿದ್ಯಾರ್ಥಿಗಳು ಈ ಭೇದವನ್ನು ತಮ್ಮ ಊರಿನ ಹಿರಿಯರಿಗೆ ತಿಳಿಯಹೇಳಿದರೆ ನಮ್ಮ ಅಧ್ಯಯನ ಸಾರ್ಥಕವಾದೀತು.