ಮೀಸಲು ದಳದಲ್ಲಿ ಹೊರಗಿನವನು: ಷಿಲ್ಸ್–ಜಾನೊವಿಟ್ಸ್ ಪ್ರಬಂಧದ ಮರುಪರಿಶೀಲನೆ

ಎಡ್ವರ್ಡ್ ಷಿಲ್ಸ್ ಮತ್ತು ಮಾರಿಸ್ ಜಾನೊವಿಟ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1948ರಲ್ಲಿ ‘ಪಬ್ಲಿಕ್ ಒಪೀನಿಯನ್ ಕ್ವಾರ್ಟರ್ಲಿ’ಯಲ್ಲಿ ಪ್ರಕಟಿಸಿದ ಪ್ರಬಂಧವು, ಸೋಲು ಸಮೀಪಿಸಿದ ಮೇಲೂ ಜರ್ಮನ್ ಸೇನೆ ಏಕೆ ಚದುರಲಿಲ್ಲವೆಂಬ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಯುದ್ಧಬಂದಿಗಳ ವಿಚಾರಣೆಯಿಂದ ಅವರು ಕಂಡುಕೊಂಡ ಉತ್ತರವಿದು: ಸಿಪಾಯಿಯನ್ನು ಹಿಡಿದು ನಿಲ್ಲಿಸಿದ್ದು ನಾಜಿ ಸಿದ್ಧಾಂತಕ್ಕಿಂತ ಹೆಚ್ಚಾಗಿ ಅವನೊಡನೆ ಉಂಡು ಮಲಗುತ್ತಿದ್ದ ಸಂಗಾತಿಗಳ ಬಳಗ, ಅವರು ಕರೆಯುವ ‘ಪ್ರಾಥಮಿಕ ಸಮೂಹ’. ಅದು ಒಡೆಯುವ ತನಕ ಮಿತ್ರಸೇನೆಯ ಕರಪತ್ರಗಳ ರಾಜಕೀಯ ವಾದಕ್ಕೆ ಕಿವಿಗೊಟ್ಟವರು ವಿರಳ.

ಲೇಖಕರಿಬ್ಬರೂ ಮಿತ್ರಸೇನೆಯ ಮನೋವೈಜ್ಞಾನಿಕ ಯುದ್ಧ ವಿಭಾಗದಲ್ಲಿ ದುಡಿದವರು. ಆದರೂ ತಮ್ಮ ಸೂತ್ರವನ್ನು ಅವರು ಶತ್ರುವಿಗೆ ಮಾತ್ರ ಅನ್ವಯಿಸಿದರು. ಸ್ವಪಕ್ಷದ ಸೇನೆಯಲ್ಲಿ ಪ್ರಚಾರತಜ್ಞನ ಸ್ಥಾನವೇನೆಂದು ಕೇಳಲಿಲ್ಲ. ಪ್ರಬಂಧದ ಮುಖ್ಯ ಕೊರತೆ ಇದೆಂದು ನಾವು ಭಾವಿಸುತ್ತೇವೆ. ಮೀಸಲು ದಳವೆಂದರೆ ಬಹುಮಟ್ಟಿಗೆ ಒಂದೇ ಪ್ರಾಂತದವರು ವರ್ಷಾನುಗಟ್ಟಲೆ ಕೂಡಿ ಕವಾಯತು ಮಾಡಿದ ಬಳಗ. ಅದು ರಣಭೂಮಿಗೆ ತೆರಳಿದಾಗ ಮೂರು ನಾಲ್ಕು ಮಂದಿ ತಜ್ಞರು ಬಂದು ಸೇರುತ್ತಾರೆ. ಅವರು ಅಲ್ಲಿಗೆ ಅಪರಿಚಿತರು. ಅಮೆರಿಕದಲ್ಲಿ ಈ ತಜ್ಞರಲ್ಲಿಯೂ ಅನೇಕರು ಮೀಸಲಿನವರೇ. ಅವರ ದಳಗಳನ್ನು 2006ರಲ್ಲಿ ವಿಶೇಷ ಕಾರ್ಯಾಚರಣೆಗಳ ಆಡಳಿತದಿಂದ ಬಿಡಿಸಿ ಮೀಸಲು ಸೇನೆಯ ಅಧೀನಕ್ಕೆ ಒಪ್ಪಿಸಲಾಯಿತು. 2010ರಲ್ಲಿ ಅವರ ಕೆಲಸಕ್ಕೆ ‘ಸೈನಿಕ ಮಾಹಿತಿ ಬೆಂಬಲ’ ಎಂಬ ಸೌಮ್ಯವಾದ ಹೆಸರನ್ನಿಟ್ಟರು. ಹೆಸರು ಬದಲಾದ ಮಾತ್ರಕ್ಕೆ ಅಪರಿಚಿತನು ಬಂಧುವಾಗುವುದಿಲ್ಲವಷ್ಟೆ.

ಈ ಅಪರಿಚಿತತ್ವದ ಬೆಲೆಯೇನೆಂಬುದನ್ನು ಐಸೆನ್‌ಹೋವರ್ ಅವರ ಸಹಿಯುಳ್ಳ ಶರಣಾಗತಿಯ ರಹದಾರಿಪತ್ರದಲ್ಲಿ ನೋಡಬಹುದು. ಜರ್ಮನ್ ಸಿಪಾಯಿಗೆಂದು ವಿಮಾನಗಳಿಂದ ಸುರಿದ ಆ ಪತ್ರದಲ್ಲಿ ಇಂಗ್ಲಿಷ್ ಒಕ್ಕಣೆಯೂ ಇತ್ತು. ಇದನ್ನು ಹಿಡಿದು ಬಂದವನ ಆಯುಧ ತೆಗೆದುಕೊಂಡು, ಅನ್ನ ಔಷಧಗಳನ್ನಿತ್ತು, ಅಪಾಯದ ವಲಯದಿಂದ ಸಾಗಿಸತಕ್ಕದ್ದೆಂಬ ಆ ಮಾತು ಉದ್ದೇಶಿಸಿದ್ದು ಎದುರು ನಿಂತ ಮಿತ್ರಸೇನೆಯ ಕಾವಲುಗಾರನನ್ನು. ವಚನ ಕೊಟ್ಟವನು ತಜ್ಞ, ನಡೆಸಬೇಕಾದವನು ಬಂದೂಕು ಹಿಡಿದವನು. ಇವರೀರ್ವರ ನಡುವೆ ವಿಶ್ವಾಸವಿಲ್ಲದಿದ್ದರೆ ಕೈಯೆತ್ತಿ ಬಂದವನ ಪ್ರಾಣಕ್ಕೆ ಹೊಣೆಯಾರು?

ಪ್ರಬಂಧದ ಆಧಾರಗಳ ಬಗೆಗೂ ಒಂದು ಮಾತು. ಅದು ಸೆರೆ ಸಿಕ್ಕವರ ಹೇಳಿಕೆಗಳನ್ನು ನೆಚ್ಚಿದೆ. ಸತ್ತವರು ಸಾಕ್ಷಿ ನುಡಿಯರು. ಪೂರ್ವರಂಗದಲ್ಲಿ ಸಾವುನೋವಿನಿಂದ ಇಂಥ ಬಳಗಗಳು ಬೇಗನೆ ಅಳಿದುಹೋದವು, ಆದರೂ ಸಿಪಾಯಿಗಳು ಕಾದಿದರು. ಅಲ್ಲಿ ಸಿದ್ಧಾಂತದ ಪಾತ್ರ ದೊಡ್ಡದೆಂದು ಓಮರ್ ಬಾರ್ಟೋವ್ 1991ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಈ ಆಕ್ಷೇಪಣೆ ಬಲವಾದುದು. ಆದರೆ ಅದು ಪ್ರಬಂಧದ ಒಂದು ಅವಲೋಕನವನ್ನು ಮುಟ್ಟುವುದಿಲ್ಲ: ಜರ್ಮನರು ಸಾಧ್ಯವಾದಾಗಲೆಲ್ಲ ಇಡೀ ಡಿವಿಜನ್ನನ್ನೇ ಹಿಂದಕ್ಕೆ ಕರೆಸಿಕೊಂಡು, ಹೊಸಬರನ್ನು ಹಳಬರೊಡನೆ ಅಲ್ಲಿ ಬೆರೆಸಿ, ಅನಂತರವೇ ರಂಗಕ್ಕೆ ಕಳುಹಿಸುತ್ತಿದ್ದರು. ಮಾಹಿತಿತಜ್ಞನನ್ನು ಮೀಸಲು ದಳಕ್ಕೆ ಸೇರಿಸುವವರು ಓದಬೇಕಾದುದು ಈ ಭಾಗವನ್ನು. ದಳ ಊರು ಬಿಡುವ ಮುನ್ನ, ಕವಾಯತಿನ ದಿನಗಳಲ್ಲಿಯೇ ಅವನು ಅಲ್ಲಿರಬೇಕು.