ಮೂವತ್ತು ಮಿಲಿಮೀಟರಿನ ರುಚಿ

ಅಡಿಕೆಯ ಕೊನೆಕೊಯ್ಲಿನ ದಿನ. ತಿಂಡಿ ಮುಗಿಸಿದ ಕೊನೆಗಾರರು ತೋಟಕ್ಕೆ ಇಳಿಯಲು ಇನ್ನೂ ಹತ್ತು ನಿಮಿಷವಿತ್ತು. ಅವರನ್ನು ಅಂಗಳಕ್ಕೆ ಕರೆದು, ಬೈಕಿನ ಹ್ಯಾಂಡಲ್ ಹಿಡಿದು ನೆಟ್ಟಗೆ ನಿಲ್ಲಿಸಿಕೊಳ್ಳಿ ಎಂದು ಕೇಳಿಕೊಂಡೆ. ನನ್ನ ತಮ್ಮ ಅಳತೆ ಟೇಪು ಹಿಡಿದು ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತ. ನಾನು ಹೆಲ್ಮೆಟ್ಟು, ಜಾಕೆಟ್ಟು, ಬೂಟು ಎಲ್ಲ ಹಾಕಿಕೊಂಡು ಹತ್ತಿದೆ. ಎರಡೂ ಕಾಲನ್ನು ಮೇಲಿಟ್ಟು, ಘಾಟಿಯಲ್ಲಿ ಕೂರುವ ಹಾಗೆಯೇ ಮುಂದಕ್ಕೆ ಬಾಗಿದೆ.

“ಐನೂರ ಎಂಬತ್ತೆಂಟು” ಎಂದ ತಮ್ಮ.

ಹಿಂದಿನ ಚಕ್ರ ಗಾಳಿಯಲ್ಲಿ ತೂಗುವಂತೆ ಬೈಕನ್ನು ಎತ್ತಿದಾಗ ಚಕ್ರದ ಆಕ್ಸಲಿನಿಂದ ಸೀಟಿನ ಕೆಳಗೆ ಅಂಟಿಸಿದ ಟೇಪಿನ ಗುರುತಿಗೆ 610 ಮಿಲಿಮೀಟರ್ ಇತ್ತು. ಬೈಕು ತನ್ನ ಭಾರದ ಮೇಲೆ ತಾನೇ ನಿಂತಾಗ 603. ನಾನು ಕೂತಾಗ 588. ಒಟ್ಟು ತಗ್ಗಿದ್ದು 22 ಮಿಲಿಮೀಟರ್.

ಹ್ಯಾಂಡಲ್ ಹಿಡಿದಿದ್ದ ಕೊನೆಗಾರರು ಇದನ್ನೆಲ್ಲ ಬಹಳ ಗಮನವಿಟ್ಟು ನೋಡುತ್ತಿದ್ದರು. “ಮರಕ್ಕೂ ಹಿಂಗೇ ಅಲ್ದಾ ಅಕ್ಕಾ” ಎಂದರು. “ಹತ್ತಿದ ಕೂಡ್ಲೇ ಎಷ್ಟು ಬಾಗ್ತದೆ ಅಂತ ನೋಡ್ಕಂಡೇ ಮುಂದಿನ ಮರ ಹಿಡಿಯದು.”

ಸಸ್ಪೆನ್ಷನ್ ಬಗ್ಗೆ ನಾನು ಎಷ್ಟೋ ಓದಿದ್ದೆ, ಎಷ್ಟೋ ಕೇಳಿದ್ದೆ. ಇಷ್ಟು ಸರಿಯಾದ ಮಾತನ್ನು ಯಾರೂ ಹೇಳಿರಲಿಲ್ಲ.

ನನ್ನ ತೂಕ 49 ಕಿಲೋ. ಸವಾರಿಯ ಉಡುಪೆಲ್ಲ ಸೇರಿದರೆ 56. ಬೈಕು ಮುನ್ನೂರು ಸಿಸಿ ಆಸುಪಾಸಿನ ಸ್ಪೋರ್ಟ್ಸ್ ಬೈಕು. ಬೈಕು ಕಟ್ಟುವವರು ಯಾವುದೋ ಒಂದು ಸರಾಸರಿ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಸ್ಪ್ರಿಂಗು ಆರಿಸಬೇಕು. ನಮ್ಮ ದೇಶದಲ್ಲಿ ಹಿಂದಿನ ಸೀಟಿಗೆ ಇನ್ನೊಬ್ಬರು ಹತ್ತಿಯೇ ಹತ್ತುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗಾಗಿ ಒಬ್ಬಂಟಿಯಾಗಿ ಹೋಗುವ ಹಗುರ ಮೈಯವರಿಗೆ ಸ್ಪ್ರಿಂಗು ಯಾವಾಗಲೂ ಒಂದು ಕೈ ಬಿರುಸೇ. ಅದು ಯಾರ ತಪ್ಪೂ ಅಲ್ಲ. ಅಂಗಡಿಯಲ್ಲಿ ಸಿಗುವ ರವಿಕೆಯನ್ನು ಮನೆಗೆ ತಂದು ಹೊಲಿಗೆ ಹಿಡಿಸಿಕೊಳ್ಳುವುದಿಲ್ಲವೇ? ಇದೂ ಹಾಗೆಯೇ.

ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಸಾಗರದಿಂದ ಬಟ್ಟೆಮಲ್ಲಪ್ಪದ ಮೇಲೆ ಹೊಸನಗರಕ್ಕೆ ಹೋಗುವಾಗ ಡಾಂಬರಿನ ಪ್ರತಿ ತೇಪೆಯೂ ಸೊಂಟಕ್ಕೆ ಬಂದು ಗುದ್ದುತ್ತಿತ್ತು. ತಿರುವಿನಲ್ಲಿ ಸಣ್ಣ ಉಬ್ಬು ಸಿಕ್ಕರೆ ಹಿಂದಿನ ಚಕ್ರ ನೆಲ ಬಿಟ್ಟು ಅರ್ಧ ಗೇಣು ಪಕ್ಕಕ್ಕೆ ಜರುಗುತ್ತಿತ್ತು. ನನಗೆ ಧೈರ್ಯ ಸಾಲದು ಎಂದುಕೊಂಡು ಹ್ಯಾಂಡಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ. ಕೊನೆಗೊಂದು ದಿನ ಸಾಗರದ ಮೆಕ್ಯಾನಿಕ್ಕರು ಸೀಟನ್ನು ಒಮ್ಮೆ ಅಂಗೈಯಿಂದ ಒತ್ತಿ ನೋಡಿ ಹೇಳಿದರು: “ಮೇಡಂ, ನೀವು ಕೂತಿದ್ದು ಬೈಕಿಗೆ ಗೊತ್ತೇ ಆಗ್ತಾ ಇಲ್ಲ.”

ಆ ಮಾತು ಮನಸ್ಸಿನಲ್ಲಿ ನಿಂತುಬಿಟ್ಟಿತು. ಬೈಕಿಗೆ ನಾನಿದ್ದೇನೆ ಎಂದು ಗೊತ್ತಾಗಬೇಕು. ಅಲ್ಲಿಂದ ಶುರುವಾದದ್ದು ಈ ಅಳತೆಯ ಹುಚ್ಚು.

ಬೈಕು ಸವಾರನ ಭಾರಕ್ಕೆ ತಗ್ಗುವುದನ್ನು ಗ್ಯಾರೇಜಿನವರು ಸ್ಯಾಗ್ ಎನ್ನುತ್ತಾರೆ. ನನಗೆ ‘ತಗ್ಗು’ ಎಂಬ ಮಾತೇ ಚೆಂದ. ರಸ್ತೆಗೆಂದು ಹೊಂದಿಸುವಾಗ ಚಕ್ರದ ಒಟ್ಟು ಓಡಾಟದ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ತಗ್ಗಿರಬೇಕು. ನನ್ನ ಬೈಕಿನ ಹಿಂದಿನ ಚಕ್ರದ ಓಡಾಟ 130 ಮಿಲಿಮೀಟರ್, ಎಂದರೆ ಕಡಿಮೆಯೆಂದರೂ 30ರ ಆಸುಪಾಸು ತಗ್ಗಿದರೆ ಸರಿ. ಈ ತಗ್ಗಿನಿಂದ ಏನು ಉಪಕಾರ? ಚಕ್ರ ಮೇಲಕ್ಕಷ್ಟೇ ಹೋಗುವುದಲ್ಲ, ಗುಂಡಿ ಬಂದಾಗ ಕೆಳಕ್ಕೂ ಇಳಿಯಬೇಕು. ಮೊದಲೇ ಒಂದಿಷ್ಟು ತಗ್ಗಿ ಕೂತಿದ್ದರೆ ಮಾತ್ರ ಕೆಳಗೆ ಇಳಿಯಲು ಜಾಗವಿರುತ್ತದೆ. ತಗ್ಗು ಸಾಲದ ಬೈಕು ತುದಿಗಾಲಲ್ಲಿ ನಡೆಯುವವರ ಹಾಗೆ. ನೆಲ ಸ್ವಲ್ಪ ಜಾರಿದರೂ ಕಾಲಿಗೆ ನೆಲ ಸಿಗುವುದಿಲ್ಲ.

ಸ್ಪ್ರಿಂಗಿನ ಮೇಲಿನ ಉಂಗುರವನ್ನು ಸಡಿಲಿಸಿ ಪ್ರೀಲೋಡ್, ಎಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟ ಬಿಗಿ, ಇಳಿಸಿದೆವು. ಈ ಉಂಗುರ ನಮ್ಮ ಮನೆಗೆ ಹೊಸದಲ್ಲ. ಅಪ್ಪ ತನ್ನ ಹಳೆಯ ಬೈಕಿನಲ್ಲಿ ಅಡಿಕೆ ಮೂಟೆ ಹೇರಿಕೊಂಡು ಮಂಡಿಗೆ ಹೊರಡುವ ಮುನ್ನ ಹಿಂದಿನ ಎರಡೂ ಶಾಕ್ ಅಬ್ಸಾರ್ಬರಿನ ಉಂಗುರವನ್ನು ಕೊನೆಯ ಮೆಟ್ಟಿಲಿಗೆ ತಿರುಗಿಸುತ್ತಿದ್ದ. ವಾಪಸು ಬಂದು, ಕೈಕಾಲು ತೊಳೆಯುವ ಮೊದಲೇ, ಅದನ್ನು ಎರಡನೇ ಮೆಟ್ಟಿಲಿಗೆ ಇಳಿಸುತ್ತಿದ್ದ. ಭಾರಕ್ಕೆ ತಕ್ಕ ಹಾಗೆ ಬೈಕನ್ನು ಹೊಂದಿಸುವುದು ಅವನಿಗೆ ಎತ್ತಿನ ನೊಗ ಸರಿಪಡಿಸಿದಷ್ಟೇ ಸಹಜ.

ಆದರೆ ಒಂದು ವಿಷಯ ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಉಂಗುರ ಸಡಿಲಿಸಿದರೆ ಸ್ಪ್ರಿಂಗು ಮೆತ್ತಗಾಗುವುದಿಲ್ಲ. ರಾಬರ್ಟ್ ಹುಕ್ 1678ರಲ್ಲಿ ಬರೆದಿಟ್ಟದ್ದು ಇವತ್ತಿಗೂ ನಿಜ: ಎಷ್ಟು ಬಲವೋ ಅಷ್ಟೇ ಕುಗ್ಗು. ಉಂಗುರ ತಿರುಗಿಸಿದರೆ ಬೈಕು ನಿಲ್ಲುವ ಎತ್ತರ ಬದಲಾಗುತ್ತದೆ, ಸ್ಪ್ರಿಂಗಿನ ಸ್ವಭಾವ ಹಾಗೇ ಇರುತ್ತದೆ. ಅಂಗಳದ ಲೆಕ್ಕವೇ ಅದನ್ನು ತೋರಿಸಿತು. ಸಡಿಲಿಸಿದ ಮೇಲೆ ನಾನು ಕೂತಾಗಿನ ತಗ್ಗು 31ಕ್ಕೆ ಬಂತು, ಸರಿ. ಆದರೆ ಬೈಕು ಒಂಟಿಯಾಗಿ ನಿಂತಾಗಿನ ತಗ್ಗು 7ರಿಂದ 16ಕ್ಕೆ ಏರಿತ್ತು. ನನ್ನ ಭಾರ ಕೂಡಿಸಿದ್ದು ಆಗಲೂ 15, ಈಗಲೂ 15. ಒಂಟಿ ತಗ್ಗು ಹತ್ತರ ಆಸುಪಾಸು ಇರಬೇಕಾದಲ್ಲಿ ಇಷ್ಟು ಹೆಚ್ಚಾಯಿತೆಂದರೆ ಅರ್ಥ ಒಂದೇ, ಸ್ಪ್ರಿಂಗು ನನ್ನ ಮೈಗೆ ಬಿರುಸು. ಕಣ್ಣಿಗೆ ಇದು ತಿರುಗಾಮುರುಗಾ ಕಾಣುತ್ತದೆ. ಕುಸಿದು ನಿಂತ ಬೈಕನ್ನು ನೋಡಿದವರು ಸ್ಪ್ರಿಂಗು ಮೆತ್ತಗಾಗಿದೆ ಎಂದೇ ಹೇಳುತ್ತಾರೆ.

ಬೆಂಗಳೂರಿನಿಂದ ಸುಮಾರು ಐದನೇ ಒಂದು ಭಾಗ ಮೆತ್ತಗಿನ ಸ್ಪ್ರಿಂಗು ತರಿಸಿದೆ. ಮತ್ತೆ ಅದೇ ಅಂಗಳ, ಅದೇ ಟೇಪು. ಒಂಟಿ ತಗ್ಗು 11, ನಾನು ಕೂತಾಗ 30. ನನ್ನ ಭಾರದ ಪಾಲು 15ರಿಂದ 19ಕ್ಕೆ ಏರಿತ್ತು. ಆ ನಾಲ್ಕು ಮಿಲಿಮೀಟರು ನನಗೆ ಸಿಕ್ಕ ಮನ್ನಣೆ ಎಂದೇ ಅನಿಸಿತು.

ಹಿಂದೆ ಮಾತ್ರ ತಗ್ಗಿಸಿದರೆ ಮುಂಭಾಗ ಮೇಲೆದ್ದಂತಾಗಿ ಬೈಕು ತಿರುಗಲು ಸೋಮಾರಿಯಾಗುತ್ತದೆ. ಎರಡೂ ತುದಿ ಜೊತೆಯಲ್ಲೇ ಹೊಂದಬೇಕು. ಮುಂದಿನ ಫೋರ್ಕಿನ ಎರಡು ಸ್ಪ್ರಿಂಗು ಸೇರಿ ಒಂದು ಮಿಲಿಮೀಟರ್ ಕುಗ್ಗಲು 1.6 ಕಿಲೋ ಭಾರ ಬೇಕು ಎಂದುಕೊಳ್ಳಿ. ಸರಾಸರಿಗಿಂತ 25 ಕಿಲೋ ಕಡಿಮೆ ತೂಗುವವರ ಕೊರತೆಯಲ್ಲಿ ಅರ್ಧ ಮುಂದಕ್ಕೆ ಬಿದ್ದರೂ ಸುಮಾರು 8 ಮಿಲಿಮೀಟರ್ ವ್ಯತ್ಯಾಸ. ಕಿರುಬೆರಳಿನ ಉಗುರಗಲದಷ್ಟು. ಬೈಕಿನ ಲೋಕದಲ್ಲಿ ಅದು ದೊಡ್ಡ ದೂರ. ಹಾಗಾಗಿ ಮುಂಭಾಗವನ್ನೂ ನನ್ನ ಭಾರಕ್ಕೆ ಹೊಂದಿಸಿಕೊಂಡೆ.

ಇನ್ನು ಎಣ್ಣೆಯ ಕೆಲಸ. ಸ್ಪ್ರಿಂಗು ಒಂಟಿಯಾಗಿದ್ದರೆ ಕುಣಿಯುತ್ತಲೇ ಇರುತ್ತದೆ. ಅದನ್ನು ತಡೆದು ತಣಿಸುವುದು ಸಣ್ಣ ರಂಧ್ರಗಳಲ್ಲಿ ನುಸುಳುವ ಎಣ್ಣೆ. ಒಳಕ್ಕೆ ಕುಗ್ಗುವಾಗಿನ ತಡೆ ಕಂಪ್ರೆಷನ್, ಹಿಂದಿರುಗುವಾಗಿನ ತಡೆ ರೀಬೌಂಡ್. ಮೆತ್ತಗಿನ ಸ್ಪ್ರಿಂಗು ಮೆಲ್ಲಗೆ ಮರಳುವುದರಿಂದ ಅದಕ್ಕೆ ತಡೆಯೂ ಕಡಿಮೆ ಸಾಕು. ಈ ತಡೆಯನ್ನು ಹೊಂದಿಸುವ ಸ್ಕ್ರೂವನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಹೊರಕ್ಕೆ ಒಂದೊಂದೇ ಕ್ಲಿಕ್ಕು ಎಣಿಸುತ್ತ ಬರಬೇಕು. ಬೆರಳ ತುದಿಗೆ ಟಿಕ್ ಎಂದು ತಾಕುವ ಆ ಕ್ಲಿಕ್ಕು ನನಗೆ ಬಲು ಇಷ್ಟ. ತಂಬೂರಿಯ ಬಿರಡೆ ತಿರುಗಿಸುವವರ ಮುಖದಲ್ಲಿ ಕಾಣುವ ಏಕಾಗ್ರತೆ ಅಲ್ಲಿ ತಾನಾಗಿ ಬರುತ್ತದೆ. ನನ್ನ ನೋಟುಪುಸ್ತಕದಲ್ಲಿ ಒಂದು ಸಾಲು ಹೀಗಿದೆ: ‘ಹಿಂದೆ ರೀಬೌಂಡ್ 12ರಿಂದ 15. ಗಾಳಿ ಬೆಳಿಗ್ಗೆ ತಣ್ಣಗಿದ್ದಾಗ ನೋಡಿದ್ದು. ಬೇರೆ ಏನೂ ಮುಟ್ಟಿಲ್ಲ.’ ಕೊನೆಯ ಮೂರು ಪದ ಮುಖ್ಯ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಮುಟ್ಟಿದರೆ ಯಾವುದರ ಗುಣ ಯಾವುದೆಂದು ತಿಳಿಯದು.

ಇದನ್ನು ಪರೀಕ್ಷಿಸಲು ನಮ್ಮ ಸೀಮೆಯ ರಸ್ತೆಗಳಿಗಿಂತ ಒಳ್ಳೆಯ ಶಾಲೆ ಬೇಕೇ? 2025ರ ಜುಲೈಯಲ್ಲಿ ತೆರೆದ ಸಿಗಂದೂರು ಸೇತುವೆ ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ. ಅದಕ್ಕೂ ಮೊದಲು ಲಾಂಚಿನಲ್ಲಿ ಬೈಕು ನಿಲ್ಲಿಸಿಕೊಂಡು ಶರಾವತಿಯ ಹಿನ್ನೀರು ದಾಟುತ್ತಿದ್ದೆವು. ಈಗ ನುಣ್ಣನೆಯ ರಸ್ತೆ, ನಡುನಡುವೆ ಜೋಡಣೆಯ ಪಟ್ಟಿ. ಪಟ್ಟಿ ದಾಟಿದಾಗ ಬೈಕು ಒಮ್ಮೆ ತಗ್ಗಿ, ಎದ್ದು, ಸುಮ್ಮನಾಗಬೇಕು. ಎರಡನೇ ಸಲ ತಲೆಯಾಡಿಸಿದರೆ ರೀಬೌಂಡ್ ತಡೆ ಸಾಲದು ಎಂದರ್ಥ. ಹೊಸನಗರದಿಂದ ಕೋಣಂದೂರಿನ ಮೇಲೆ ತೀರ್ಥಹಳ್ಳಿಗೆ ಹೋಗುವಾಗ ಊರುಗಳ ಬಾಯಲ್ಲಿ ಸಿಗುವ ದಪ್ಪ ಬಿಳಿ ಪಟ್ಟಿಗಳ ಸಾಲು ಇದಕ್ಕೆ ತದ್ವಿರುದ್ಧ ಪಾಠ ಹೇಳುತ್ತದೆ. ತಡೆ ಹೆಚ್ಚಾದರೆ ಮೊದಲ ಪಟ್ಟಿಯಿಂದ ಚಕ್ರ ಹಿಂದಿರುಗುವ ಮೊದಲೇ ಎರಡನೆಯದು ಬರುತ್ತದೆ, ಆಮೇಲೆ ಮೂರನೆಯದು. ಬೈಕು ಹಂತಹಂತವಾಗಿ ಕುಸಿದು ಕಲ್ಲಾಗುತ್ತದೆ. ನಾನು 12ರಿಂದ 15ಕ್ಕೆ ಬಿಟ್ಟದ್ದು ಈ ಪಟ್ಟಿಗಳ ಮಾತು ಕೇಳಿಯೇ.

ಹಗುರ ಮೈಯ ಕಷ್ಟ ದೊಡ್ಡವರಿಗೂ ತಪ್ಪಿದ್ದಲ್ಲ. ಸ್ಪೇನಿನ ಡಾನಿ ಪೆಡ್ರೋಸಾ ಸುಮಾರು 51 ಕಿಲೋ ತೂಗುತ್ತಿದ್ದ ಸವಾರ. ಮೋಟೋಜಿಪಿಯಲ್ಲಿ 31 ರೇಸು ಗೆದ್ದು 2018ರಲ್ಲಿ ನಿವೃತ್ತನಾದ. ಅಷ್ಟು ಹಗುರವಾದ ಮೈ ಟಯರನ್ನು ನೆಲಕ್ಕೆ ಸಾಕಷ್ಟು ಒತ್ತದೆ ಟಯರನ್ನು ಬಿಸಿಯೇರಿಸುವುದೇ ಅವನಿಗೆ ಮತ್ತೆಮತ್ತೆ ತೊಡಕಾಯಿತು. ಅವನ ಸವಾರಿಯ ಹಳೆಯ ವೀಡಿಯೊ ನೋಡುವಾಗೆಲ್ಲ ನನಗೆ ಗೆಲುವಿಗಿಂತ ಆ ನಯವೇ ಕಾಣುತ್ತದೆ. ಬಲದಿಂದ ಆಗದ್ದನ್ನು ಹದದಿಂದ ಪಡೆದವನು ಅವನು.

ಹಿಂದೆಲ್ಲ ಹೀಗೆ ಹೊಂದಿಸಿಕೊಳ್ಳುವ ಫೋರ್ಕು ಬೇಕೆಂದರೆ ಹೊರದೇಶದ ದುಬಾರಿ ಬೈಕನ್ನೇ ನೋಡಬೇಕಿತ್ತು. 2021ರಲ್ಲಿ ಹೊಸೂರಿನ ಟಿವಿಎಸ್‌ನವರು ಅಪಾಚೆ ಆರ್‌ಆರ್ 310 ಬೈಕಿಗೆ ಪ್ರೀಲೋಡ್, ಕಂಪ್ರೆಷನ್, ರೀಬೌಂಡ್ ಮೂರನ್ನೂ ತಿರುಗಿಸಬಹುದಾದ ಫೋರ್ಕಿನ ಕಿಟ್ಟು ಕೊಟ್ಟರು. ಕನ್ನಡದ ಮಾತು ಕಿವಿಗೆ ಬೀಳುವ ಗಡಿಯೂರಿನ ಕಾರ್ಖಾನೆಯಿಂದ ಇಂಥ ಸೂಕ್ಷ್ಮ ನಮ್ಮ ಮಲೆನಾಡಿನ ಅಂಗಳಕ್ಕೂ ಬಂತಲ್ಲ ಎಂದು ನನಗೆ ತುಂಬ ಸಂತೋಷ.

ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ತುಂಗೆ ದಾಟಿ ಮೇಗರವಳ್ಳಿಯ ಮೇಲೆ ಆಗುಂಬೆಗೆ ಹೋದೆ. ಹೊರಡುವ ಮೊದಲು ಟಯರಿನ ಗಾಳಿ ನೋಡಿದೆ. ಫೋರ್ಕಿನ ಹೊಳೆಯುವ ಕೊಳವೆಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿದೆ. ಫೋರ್ಕು ಎಷ್ಟು ಕುಗ್ಗಿದರೆ ಅದು ಅಷ್ಟು ಕೆಳಗೆ ಸರಿದು ಅಲ್ಲೇ ನಿಲ್ಲುತ್ತದೆ.

ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ವೇಗದ ಮಾತೇ ಇಲ್ಲ. ಎದುರಿಗೆ ಬಸ್ಸು, ಕಟ್ಟೆಯ ಮೇಲೆ ಮಂಗ, ಮರದ ನೆರಳಲ್ಲಿ ಹಸಿ. ಗಂಟೆಗೆ ಮೂವತ್ತರ ಆಸುಪಾಸಿನಲ್ಲಿ ಇಳಿದೆ. ಬ್ರೇಕು ಒತ್ತಿದಾಗ ಮುಂಭಾಗ ಮೊದಲಿನಂತೆ ಬಿರುಸಾಗಿ ನಿಲ್ಲಲಿಲ್ಲ. ನಿಧಾನವಾಗಿ ತಗ್ಗಿತು, ಟಯರು ನೆಲಕ್ಕೆ ಅಪ್ಪಿಕೊಂಡದ್ದು ಅಂಗೈಗೆ ತಿಳಿಯಿತು. ಬ್ರೇಕು ಬಿಟ್ಟು ವಾಲಿಸಿದಾಗ ಫೋರ್ಕು ಎದ್ದ ಹದಕ್ಕೂ ನನ್ನ ಮೈ ಒಳಕ್ಕೆ ಜಾರಿದ ಹದಕ್ಕೂ ಒಂದೇ ತಾಳ. ತಿರುವಿನ ನಡುವೆ ತೇಪೆಯೊಂದು ಬಂತು. ಚಕ್ರ ಅದರ ಮೇಲೆ ಹತ್ತಿ ಇಳಿದದ್ದು ಗೊತ್ತಾಯಿತು, ಸೊಂಟಕ್ಕೆ ಏನೂ ತಾಗಲಿಲ್ಲ. ರಸ್ತೆ ಗುದ್ದುವುದನ್ನು ಬಿಟ್ಟು ಮಾತಾಡತೊಡಗಿತ್ತು. ಇಲ್ಲಿ ಮರಳಿದೆ, ಇಲ್ಲಿ ಹೊಸ ಡಾಂಬರು, ಇಲ್ಲಿ ಬೇರು ಎತ್ತಿದ ಉಬ್ಬು. ಕೈ ತಾನಾಗಿ ಸಡಿಲವಾಯಿತು. ನಾನು ಹುಡುಕುತ್ತಿದ್ದ ಧೈರ್ಯ ಇಷ್ಟು ಕಾಲ ಆ ಸ್ಪ್ರಿಂಗಿನಲ್ಲಿ ಸಿಕ್ಕಿಕೊಂಡಿತ್ತು.

ಸೋಮೇಶ್ವರದಲ್ಲಿ ನಿಲ್ಲಿಸಿ ಬಗ್ಗಿ ನೋಡಿದೆ. ಮೊದಲೆಲ್ಲ 120 ಮಿಲಿಮೀಟರಿನಲ್ಲಿ 75ರ ಸುಮಾರಿಗೆ ನಿಂತುಬಿಡುತ್ತಿದ್ದ ಟೈ ಈ ಸಲ 104ಕ್ಕೆ ಬಂದಿತ್ತು. ಇದ್ದೂ ಇಲ್ಲದಂತಿದ್ದ ಎರಡು ಬೆರಳಗಲದ ಜಾಗ ನನ್ನದಾಗಿತ್ತು.

ಮನೆಗೆ ಬಂದಾಗ ತೋಟದಲ್ಲಿ ಇನ್ನೂ ಕೊನೆ ಇಳಿಯುತ್ತಿತ್ತು. ದಣಪೆಯ ಹತ್ತಿರ ನಿಂತು ನೋಡಿದೆ. ಕೊನೆಗಾರರು ಒಂದು ಸಣಕಲು ಮರದ ತಲೆಯಲ್ಲಿದ್ದರು. ಮೈಯನ್ನು ಒಂದು ಕಡೆಗೆ ತೂಗಿದರು, ಮರ ಬಾಗಿತು. ಅವರು ಅವಸರಪಡಲಿಲ್ಲ. ಅದು ಹಿಂದಿರುಗಿ ಮತ್ತೆ ಈ ಕಡೆ ಬರುವವರೆಗೆ ಕಾದು, ಪಕ್ಕದ ಮರಕ್ಕೆ ಕೈ ಚಾಚಿದರು. ಅವರು ಬಿಟ್ಟ ಮರ ಒಮ್ಮೆ ಆ ಕಡೆ ಹೋಗಿ, ಈ ಕಡೆ ಬಂದು, ಸುಮ್ಮನೆ ನಿಂತಿತು.